ದಬ್ಬೆ ಮರಳಿಸುವ ದಿನ

ಮೋಡ ಕವಿದಿದ್ದರೆ ಹೋಗುವುದು ಬೇಡ ಎಂದುಕೊಂಡು ಕರಿಬಸಪ್ಪ ಆ ಮುಂಜಾನೆ ಮೂರನೆಯ ಸಲ ತಲೆಬಾಗಿಲಿಗೆ ಬಂದು ಆಕಾಶ ನೋಡಿದ. ನಿನ್ನೆ ಇಡೀ ದಿನ ಮೂಡಗಾಳಿ ಬೀಸಿ ಮೈ ಕೊರೆದಿತ್ತು. ಮೊನ್ನೆ ಮಧ್ಯಾಹ್ನ ಬೇಸಗೆಯಂಥ ಬಿಸಿಲು. ಅದರ ಹಿಂದಿನ ದಿನ ಎಲ್ಲಿಂದಲೋ ಜಿಟಿಜಿಟಿ ಹನಿ ಬಿದ್ದು ಕಡಲೆ ಬಿತ್ತಿದವರ ಬಾಯಿಂದ ಬೈಗುಳ ಹೊರಡಿಸಿತ್ತು. ಪುಷ್ಯಮಾಸ ಬಂದಾಗಿನಿಂದ ಹವೆ ದಿನಕ್ಕೊಂದು ರೀತಿ, ಅವನಿಗೂ ದಿನಕ್ಕೊಂದು ನೆಪ. ಚಳಿ ಇದ್ದರೆ ಹಿಮ್ಮಡ ಹಿಡಿದುಕೊಳ್ಳುತ್ತದೆ, ಹನಿ ಬಿದ್ದರೆ ಎರೆಮಣ್ಣು ಜಾರುತ್ತದೆ, ಬಿಸಿಲಾದರೆ ತಲೆ ಸುತ್ತುತ್ತದೆ. ಇವತ್ತು ಮಾತ್ರ ಎಳೆಬಿಸಿಲು ಹಿತವಾಗಿ ಅಂಗಳದ ತುಂಬ ಬಿದ್ದಿತ್ತು. ಒಳಗಿಂದ ಹೆಂಡತಿ ಶೇಖರಮ್ಮ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ, "ಮೋಡ ಇಲ್ರಿ. ನಾನೂ ನೋಡೀನಿ" ಎಂದಳು.

ಬಾಬಾಸಾಬನ ಕಟ್ಟಳೆ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿದ್ದುದೇ. ಹರದಾರಿ ದೂರದ ಬೇವಿನಕಟ್ಟಿಯಲ್ಲಿ ಕೂತು ಮುರಿದ ಎಲುಬು ಕೂಡಿಸುವ ಅವನು ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವವನಲ್ಲ. ಕಾಲಿಗೆ ಕಟ್ಟಿದ ಆರು ಬಿದಿರಿನ ದಬ್ಬೆಗಳನ್ನು, ವಾಸಿಯಾದ ಮೇಲೆ, ವಾಸಿಯಾದವನೇ ಮರಳಿಸಬೇಕು. ಬಂಡಿ ಹತ್ತಬಾರದು, ಬಡಿಗೆ ಊರಬಾರದು, ಯಾರ ಹೆಗಲನ್ನೂ ಹಿಡಿಯಬಾರದು, ನಡೆದೇ ಬರಬೇಕು. ಬಂದಮೇಲೆ ಕಾಲು ಮುರಿದದ್ದು ಹೇಗೆಂದು ಅಲ್ಲಿ ಕೂತವರ ಎದುರು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದಾಗಲೇ ಆ ಕಾಲಿನ ಕೆಲಸ ಮುಗಿಯಿತೆಂದು ಅವನು ದಬ್ಬೆ ಇಸಿದುಕೊಳ್ಳುತ್ತಿದ್ದ. ಬಿಚ್ಚಿ ಹದಿನೆಂಟು ದಿನವಾಗಿದ್ದರೂ ಆ ದಬ್ಬೆಗಳು ಕರಿಬಸಪ್ಪನ ಮನೆಯ ಗೂಡಿನಲ್ಲೇ ಇದ್ದವು. ಬಾಬಾಸಾಬನ ತಂದೆಯ ಕಾಲದವು, ಎಷ್ಟೋ ಕಾಲುಗಳ ಎಣ್ಣೆ ಕುಡಿದು ಕೆಂಪಗೆ ನುಣ್ಣಗಾದವು. ನಿನ್ನೆ ಸಂಜೆ ಹತ್ತಿ ಬಂಡಿಯವನೊಬ್ಬ ಮಾತು ತಂದಿದ್ದ: ದುರಗಮ್ಮ ಅಂತ ಒಬ್ಬ ಮುದುಕಿ ಕಾಲು ಮುರಿದುಕೊಂಡು ಬಂದು ಬಾಬಾಸಾಬನ ಪಡಸಾಲೆಯಲ್ಲಿ ಮಲಗಿದ್ದಾಳೆ, ದಬ್ಬೆ ಬೇಕಾಗಿವೆ, ಕರಿಬಸಪ್ಪನವರು ಇನ್ನೂ ಅಡ್ಡಾಡುವುದಿಲ್ಲವೇ? ಅಡ್ಡಾಡುತ್ತಿದ್ದ. ದಿನಾ ಎರಡು ಹೊತ್ತು ಅಡ್ಡಾಡುತ್ತಿದ್ದ. ಮೊದಲ ದಿನ ಬಾವಿಕಟ್ಟೆಯವರೆಗೆ, ಆಮೇಲೆ ಹನುಮಪ್ಪನ ಗುಡಿ, ಆಮೇಲೆ ಪಡುವಲ ಹೊಲದ ಬದು. ಎಲ್ಲವೂ ಪಡುವಣ ದಿಕ್ಕೇ. ಬೇವಿನಕಟ್ಟಿ ಇದ್ದದ್ದು ಮೂಡಣಕ್ಕೆ, ಹೊಸದಾಗಿ ಹಾಕುತ್ತಿದ್ದ ಕುಷ್ಟಗಿ ಸಡಕಿನ ಮೇಲೆ. ಆ ಸಡಕಿನ ಬದಿಯಲ್ಲಿ, ಮೊನ್ನೆಮೊನ್ನೆಯವರೆಗೂ ಅವನ ಮನೆಯ ಆಳಾಗಿದ್ದ ಗಾಳೆಪ್ಪ ಕಲ್ಲು ಒಡೆಯುತ್ತಿದ್ದ.

"ಬಡಿಗಿ ಒಯ್ಯಂಗಿಲ್ಲ ಹೌದಿಲ್ರಿ?" ಎಂದು ಶೇಖರಮ್ಮ ದಬ್ಬೆಗಳನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಕೈಗೆ ಕೊಟ್ಟಳು. ಬಡಿಗೆಯನ್ನು ಅವಳೇ ಕದದ ಹಿಂದಕ್ಕೆ ಸರಿಸಿದಳು. ದಬ್ಬೆ ಮನೆಯಿಂದ ಹೊರಬಿದ್ದರೆ ಅವಳಿಗೂ ಸಾಕಾಗಿತ್ತು. ಬಾಬಾಸಾಬ ಮೊದಲ ದಿನ ಮನೆಗೆ ಬಂದು, ಕಾಲಿಗೆ ಪಟ್ಟು ಹಾಕಲು ಉದ್ದಿನ ಹಿಟ್ಟು, ಎರಡು ಕೋಳಿ ತತ್ತಿ ಬೇಕೆಂದಾಗ ಅವಳ ಮುಖ ಬಿಳಿಚಿತ್ತು. ಲಿಂಗ ಕಟ್ಟಿದ ಮನೆಯೊಳಗೆ ತತ್ತಿಯೇ? ಕಡೆಗೆ ಅವಳೇ ಒಂದು ದಾರಿ ಹುಡುಕಿದಳು. ಪಟ್ಟು ಕಾಲ ಮೇಲಿರುವಷ್ಟು ದಿನ ಗಂಡ ದನದ ಕೊಟ್ಟಿಗೆಯಲ್ಲೇ ಮಲಗಲಿ, ಅಲ್ಲಿ ಮಡಿಯ ಮಾತಿಲ್ಲ. ಹೀಗೆ ಊರಲ್ಲಿ ನಾಲ್ಕು ಜನ ಬಲ್ಲ ಕರಿಬಸಪ್ಪ, ಚಾವಡಿಯಲ್ಲಿ ಪಟವಾರಿಯ ಪಕ್ಕ ಕೂಡುವ ಕರಿಬಸಪ್ಪ, ನಲವತ್ತೈದು ದಿನ ಸಗಣಿ ಗಂಜಳದ ವಾಸನೆಯಲ್ಲಿ ಹುಲ್ಲಿನ ಮೇಲೆ ಕೌದಿ ಹಾಸಿಕೊಂಡು ಮಲಗಿದ. ಎದುರಿಗೆ ಎರಡು ಗೂಟ. ಒಂದಕ್ಕೆ ಕಟ್ಟಿದ್ದ ಎತ್ತು ರಾತ್ರಿ ಹಗಲು ಅವನನ್ನೇ ನೋಡುತ್ತ ಮೆಲುಕಾಡುತ್ತಿತ್ತು. ಇನ್ನೊಂದು ಗೂಟ ಖಾಲಿ. ಆ ಗೂಟದ ಎತ್ತು ಮಾರಿಹೋಗಿತ್ತು. ಉಳಿದ ಎತ್ತು ಮೊದಲ ವಾರ ಮೇವು ಸರಿಯಾಗಿ ತಿನ್ನಲಿಲ್ಲ, ಖಾಲಿ ಗೂಟವನ್ನು ಮೂಸುತ್ತಿತ್ತು. ಕರಿಬಸಪ್ಪ ಗೋಡೆಯ ಕಡೆ ಹೊರಳಿ ಮಲಗೋಣವೆಂದರೆ ಪಟ್ಟು ಕಟ್ಟಿದ ಕಾಲು ಹೊರಳಲು ಬಿಡುತ್ತಿರಲಿಲ್ಲ.

ಓಣಿ ದಾಟುವ ಮೊದಲೇ ಮೂರು ಜನ ಮಾತಾಡಿಸಿದರು. ಎಲ್ಲರೂ ಕೇಳಿದ್ದು ಒಂದೇ: "ಎತ್ತು ಹಾಯ್ದ ಕಾಲು ಹೆಂಗೈತ್ರಿ?" ಕಾಲಿಗೆ ಆ ಹೆಸರೇ ಬಿದ್ದುಬಿಟ್ಟಿತ್ತು. ಕೇಳಿದೊಡನೆ ಅವನ ಕಾಲು ತಾನಾಗಿ ಒಂದಿಷ್ಟು ಹೆಚ್ಚು ಕುಂಟುತ್ತಿತ್ತು, ಮುಖವೂ ಒಂದಿಷ್ಟು ಹಿಂಡುತ್ತಿತ್ತು. ನೋವಿರಲಿಲ್ಲವೆಂದಲ್ಲ, ಇತ್ತು. ಆದರೆ ತೋರಿಸುವಷ್ಟು ಇರಲಿಲ್ಲ. ಕೊಟ್ಟಿಗೆಯಲ್ಲಿ ಮಲಗಿದ್ದಾಗ ನೋಡಲು ಬಂದವರಿಗೆಲ್ಲ ಆ ಕಥೆ ಹೇಳಿ ಹೇಳಿ ಅದಕ್ಕೆ ಕೈಕಾಲು ಬೆಳೆದಿದ್ದವು. ಮೊದಲು ಎತ್ತು ಬರೀ ನೂಕಿತ್ತು. ಎರಡನೆಯ ವಾರ ಕೊಂಬು ತಗ್ಗಿಸಿತು. ತಿಂಗಳಾಗುವಷ್ಟರಲ್ಲಿ ಅದು ಮುಂಗಾಲಲ್ಲಿ ನೆಲ ಕೆದರಿ, ಬುಸುಗುಟ್ಟಿ, ಎರಡು ಸಲ ಹಾಯ್ದು ಬಂದಿತ್ತು. ಹೇಳುತ್ತ ಹೇಳುತ್ತ ಅವನಿಗೇ ಒಮ್ಮೊಮ್ಮೆ ಆ ಧೂಳು ಕಣ್ಣಿಗೆ ಬಿದ್ದಂತಾಗುತ್ತಿತ್ತು. ಎದುರಿಗೆ ಕಟ್ಟಿದ್ದ, ಉಳಿದ ಒಂದೇ ಎತ್ತು ಇದನ್ನೆಲ್ಲ ಕೇಳುತ್ತ ಕಿವಿ ಅಲ್ಲಾಡಿಸುತ್ತಿತ್ತು.

ಊರ ಅಗಸೆಬಾಗಿಲು ದಾಟಿದಮೇಲೆ ಹೊಲಗಳು ತೆರೆದುಕೊಂಡವು. ಬಿಳಿಜೋಳ ಎದೆಮಟ ಬೆಳೆದು ತೆನೆ ಹಾಲುಗಟ್ಟುವುದರಲ್ಲಿತ್ತು. ಕಡಲೆಯ ಎಲೆಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ, ಅದರ ಹುಳಿವಾಸನೆ ಗಾಳಿಯಲ್ಲಿತ್ತು. ಎಷ್ಟು ದಿನವಾಗಿತ್ತು ಈ ಕಡೆಯ ಹೊಲಗಳ ವಾಸನೆ ಕುಡಿದು! ಕರಿಬಸಪ್ಪನಿಗೆ ನಿಜವಾಗಿಯೂ ಸುಖವೆನಿಸಿತು, ಕಣ್ಣು ತುಂಬಿ ಬಂತು. ಎದುರುಬಿಸಿಲು ಎದೆಗೆ ಹತ್ತುತ್ತಿತ್ತು, ಕಂಬಳಿ ಭಾರವೆನಿಸಿ ಹೆಗಲಿಗೆ ಹಾಕಿಕೊಂಡ. ಹೆಜ್ಜೆ ತಾನಾಗಿ ಸರಿಯಾಗಿ ಬೀಳತೊಡಗಿತು. ಹಾಗೆ ಬೀಳುತ್ತಿದೆ ಎಂದು ಗಮನಿಸಿದಾಗ ಹಿಂತಿರುಗಿ ನೋಡಿದ. ಯಾರೂ ನೋಡುತ್ತಿರಲಿಲ್ಲ. ನೋಡುವವರು, ನೋಡಿಸಿಕೊಳ್ಳುವವರು. ಕಾಲು ಮುರಿಯುವ ಮುಂಚೆ, ಕೊಟ್ಟಿಗೆಯೆದುರಿನ ಬಣವೆಯ ಮೇಲೂ ಹೀಗೇ ಹಿಂತಿರುಗಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೂತಿದ್ದ. ಸಜ್ಜೆಯ ಸೊಪ್ಪೆಯ ಹೊಸ ಬಣವೆ ಅದು, ಹೋದ ದೀಪಾವಳಿಯ ಮುಂದೆ ಒಟ್ಟಿದ್ದು. ಎತ್ತುಗಳಿಗೆ ಹಾಕುವ ಹಿಂಡಿ ಬೇಗ ತೀರುತ್ತಿದೆ ಎಂದು ಶೇಖರಮ್ಮ ಒಂದು ದಿನ ಸುಮ್ಮನೆ ಅಂದಳು, ಅಷ್ಟೇ. ಗಾಳೆಪ್ಪನ ಹೆಸರನ್ನು ಅವಳು ಎತ್ತಿರಲಿಲ್ಲ. ಹದಿನೈದು ವರ್ಷದಿಂದ ಮನೆಯ ಎತ್ತು ಕಾಯ್ದ ಆಳು ಅವನು. ಆದರೆ ಆ ಮಾತು ಕರಿಬಸಪ್ಪನ ತಲೆಯಲ್ಲಿ ಹುಳದಂತೆ ಹೊಕ್ಕಿತು. ಕೇಳಿಬಿಡಬಹುದಿತ್ತು. ಕೇಳಿದರೆ ಸಣ್ಣವನಾಗುತ್ತೇನೆಂದು ಕೇಳಲಿಲ್ಲ. ಐವತ್ತು ದಾಟಿದವನು, ದಿನಾ ಸಂಜೆ, ಬಣವೆಯ ಹಿಂಬದಿಯಿಂದ ಬೆಕ್ಕಿನಂತೆ ಏರಿ, ಸೊಪ್ಪೆಯಲ್ಲಿ ಹೊಟ್ಟೆ ಊರಿ ಮಲಗಿ, ತನ್ನದೇ ಕೊಟ್ಟಿಗೆಯ ಬಾಗಿಲಿಗೆ ಕಣ್ಣಿಟ್ಟ. ಎಂಟು ದಿನ. ಎಂಟನೆಯ ಸಂಜೆ ಗಾಳೆಪ್ಪ ಎತ್ತುಗಳಿಗೆ ನೀರು ಕುಡಿಸಿ ಕರೆತಂದು, ಒಂದನ್ನು ಕಟ್ಟಿ, ಇನ್ನೊಂದರ ಹಗ್ಗ ಕೈಯಲ್ಲೇ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತ. ಸೊಂಟದಿಂದ ಏನನ್ನೋ ತೆಗೆದ. ಹಾಂ, ಸಿಕ್ಕ ಎಂದು ಕರಿಬಸಪ್ಪ ಕತ್ತು ಚಾಚಿದ. ತೆಗೆದದ್ದು ಅರ್ಧ ರೊಟ್ಟಿ. ಗಾಳೆಪ್ಪ ಅದನ್ನು ಎತ್ತಿನ ಬಾಯಿಗೆ ಹಿಡಿದ. ಸೊಪ್ಪೆ ಸರಕ್ಕನೆ ಜಾರಿತು. ಹಿಮ್ಮಡ ಕಲ್ಲಿಗೆ ಬಡಿದ ಸದ್ದು ಅವನಿಗೆ ಇವತ್ತಿಗೂ ಕೇಳುತ್ತದೆ. ಗಾಳೆಪ್ಪನೇ ಓಡಿಬಂದು ಎರಡೂ ತೋಳಲ್ಲಿ ಎತ್ತಿಕೊಂಡದ್ದು. ಕೈಬಿಟ್ಟ ಎತ್ತು ಅಂಗಳದಲ್ಲಿ ದಿಕ್ಕುಗಾಣದೆ ನಿಂತಿತ್ತು. ಓಣಿಯವರು ನೆರೆದು ಏನಾಯಿತು, ಏನಾಯಿತು ಎಂದರು. ಬಣವೆಯ ಮೇಲಿಂದ ಎನ್ನಲು ನಾಲಿಗೆ ಹೊರಳಲಿಲ್ಲ, ಅಲ್ಲೇನು ಮಾಡುತ್ತಿದ್ದಿರಿ ಎಂದು ಕೇಳುತ್ತಾರಲ್ಲ! ಎದುರಿಗೆ ಎತ್ತು ಕಂಡಿತು. "ಎತ್ತು ಹಾಯ್ತು. ಇವ ಬಿಟ್ಟಿದ್ದ" ಎಂದುಬಿಟ್ಟ. ಎತ್ತಿಕೊಂಡಿದ್ದ ತೋಳು ಸಡಿಲವಾಗಲಿಲ್ಲ. ಗಾಳೆಪ್ಪ ಮೆಲ್ಲಗೆ ಒಯ್ದು ಕಟ್ಟೆಯ ಮೇಲೆ ಮಲಗಿಸಿದ.

ಉಳಿದದ್ದನ್ನೆಲ್ಲ ತಮ್ಮ ಅಮರಪ್ಪ ಮಾಡಿದ. ಮೂರನೆಯ ದಿನ ಎತ್ತನ್ನು ಸಿಕ್ಕಷ್ಟಕ್ಕೆ ಯಲಬುರ್ಗಾ ದಾರಿಯ ಹಳ್ಳಿಯವರಿಗೆ ಕೊಟ್ಟ, ಹಾಯುವ ಎತ್ತೆಂದು ಹೇಳಿಯೇ ಕೊಟ್ಟ, ಅವನು ಪ್ರಾಮಾಣಿಕ ಮನುಷ್ಯ. ಅದೇ ದಿನ ಗಾಳೆಪ್ಪನಿಗೆ ನಾಳೆಯಿಂದ ಬರಬೇಡ ಎಂದ. ಎತ್ತು ಬಿಟ್ಟು ಒಡೆಯನ ಕಾಲು ಮುರಿಸಿದವನನ್ನು ಊರಲ್ಲಿ ಮತ್ಯಾರು ಇಟ್ಟುಕೊಳ್ಳುತ್ತಾರೆ? ಇದೆಲ್ಲ ನಡೆದದ್ದು ಕೊಟ್ಟಿಗೆಯ ಬಾಗಿಲಲ್ಲೇ, ಕರಿಬಸಪ್ಪನ ಕಿವಿಗೆ ಬೀಳುವಷ್ಟು ಹತ್ತಿರ. ಕಾಲು ವಾಸಿಯಾಗಲಿ, ಎದ್ದು ಅಡ್ಡಾಡುವಂತಾದಮೇಲೆ ಹೇಳಿದರಾಯಿತು ಎಂದುಕೊಂಡು ಅವನು ಕಣ್ಣು ಮುಚ್ಚಿಕೊಂಡಿದ್ದ. ಈಗ ಕಾಲು ವಾಸಿಯಾಗಿತ್ತು.

ಸಡಕಿಗೆ ಬರುವಷ್ಟರಲ್ಲಿ ಬಿಸಿಲು ಮಾಯವಾಗಿತ್ತು. ಮೂಡಣದಿಂದ ಬೂದುಮೋಡ ಎದ್ದು ಗಾಳಿ ತಣ್ಣಗಾಯಿತು, ಕಂಬಳಿ ಮತ್ತೆ ತಲೆಗೇರಿತು. ಕಲ್ಲು ಒಡೆಯುವ ಸದ್ದು ಅರ್ಧ ಮೈಲಿಯಿಂದಲೇ ಕೇಳುತ್ತಿತ್ತು. ನಿಜಾಮ ಸರಕಾರದ ಸಡಕು ಇನ್ನೂ ಅರೆಬರೆ. ಬದಿಯುದ್ದಕ್ಕೂ ಜಲ್ಲಿಯ ಗುಂಪಿ, ಒಂದೊಂದು ಗುಂಪಿಯ ಹಿಂದೆ ಗೋಣಿತಟ್ಟಿನ ನೆರಳಲ್ಲಿ ಗಂಡ ಹೆಂಡತಿ. ಮೂರನೆಯದರ ಹಿಂದೆ ಗಾಳೆಪ್ಪನೂ ಅವನ ಹೆಂಡತಿ ಪಕ್ಕೀರವ್ವನೂ ಇದ್ದರು. ತಲೆ ತಗ್ಗಿಸಿ ದಾಟಿಬಿಡಬೇಕೆಂದು ಕರಿಬಸಪ್ಪ ಹೆಜ್ಜೆ ಚುರುಕು ಮಾಡಿದ. ಪಕ್ಕೀರವ್ವ ಕಂಡಳು, ಕೈಯ ಸುತ್ತಿಗೆ ನಿಲ್ಲಿಸದೆ ಮುಖ ತಿರುಗಿಸಿಕೊಂಡಳು. ಗಾಳೆಪ್ಪ ಎದ್ದುನಿಂತ.

"ಧಣೇರ, ಅಡ್ಡ್ಯಾಡಾಕತ್ತೀರಿ? ಛಲೋ ಆತು ಬಿಡ್ರಿ."

ಅಷ್ಟರಲ್ಲಿ ಹನಿ ಬಿತ್ತು. ಮುಂದೆ ಹಳ್ಳ. ಸೇತುವೆ ಇನ್ನೂ ಕಟ್ಟಿರಲಿಲ್ಲ, ಸಡಕು ಬಿಟ್ಟು ಎರೆಮಣ್ಣಿನ ಇಳಿಜಾರಿನಲ್ಲಿ ಇಳಿದು ಏರಬೇಕು. ಎರಡು ಹೆಜ್ಜೆ ಇಳಿದದ್ದೇ ಕೆರಕ್ಕೆ ಮಣ್ಣು ಮೆತ್ತಿ ಕಾಲು ಕಬ್ಬಿಣದಷ್ಟು ಭಾರವಾಯಿತು, ಒಂದು ಕೆರ ಅಲ್ಲೇ ಕಿತ್ತುಕೊಂಡಿತು. ಕರಿಬಸಪ್ಪ ಒಂದು ಕಾಲಲ್ಲಿ ನಿಂತ. ಒಂದು ಕೈಯಲ್ಲಿ ದಬ್ಬೆಯ ಗಂಟು, ಇನ್ನೊಂದು ಕೈ ಗಾಳಿಯಲ್ಲಿ. ಮುಂದೂ ಹೋಗಲಾರ, ಹಿಂದೂ ಬರಲಾರ. ಜಲ್ಲಿ ಗುಂಪಿಗಳ ಹಿಂದೆ ಯಾವಳೋ ಒಬ್ಬಳು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆಗ ಹಿಂದೆ ಗಾಳೆಪ್ಪನ ದನಿ ಬಂತು. "ಹಿಡಿಯಂಗಿಲ್ರಿ ನಾ. ಬಾಬಾಸಾಬಗ ಗೊತ್ತಾದ್ರ ದಬ್ಬಿ ತಗೊಳಂಗಿಲ್ಲ. ಕೆರ ಕೈಯಾಗ ಹಿಡೀರಿ. ಬಲಗಾಲು ಮುಂದ ಇಡ್ರಿ. ಹೂಂ." ಕರಿಬಸಪ್ಪ ಬಲಗಾಲು ಇಟ್ಟ. "ಹೂಂ. ಈಗ ಎಡಗಾಲು. ಹೂಂ." ಉಳುವಾಗ ಎತ್ತಿಗೆ ಹೇಳುತ್ತಿದ್ದ ಹೂಂ ಅದು, ಅದೇ ದನಿ, ಅದೇ ತಾಳ್ಮೆ. ಎತ್ತಿನಂತೆಯೇ ತಾನೂ ಆ ದನಿಗೆ ಹೆಜ್ಜೆ ಕಿತ್ತಿಡುತ್ತಿದ್ದೇನೆಂದು ಗೊತ್ತಾದಾಗ ಕರಿಬಸಪ್ಪನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಆ ದನಿ ನಿಂತರೆ ಬೀಳುತ್ತೇನೆಂಬ ಹೆದರಿಕೆಯೇ ದೊಡ್ಡದಾಗಿತ್ತು. ಹಳ್ಳ ದಾಟಿತು, ಏರು ದಾಟಿತು, ಹನಿಯೂ ನಿಂತಿತು. ಹೂಂ ಮಾತ್ರ ನಿಲ್ಲಲಿಲ್ಲ. ಇಲ್ಲೇ ಹೇಳಿಬಿಡಲೇ, ಯಾರೂ ಇಲ್ಲ ಎಂದು ಎರಡು ಸಲ ಅನಿಸಿತು. ಯಾರೂ ಇಲ್ಲದಲ್ಲಿ ಹೇಳಿದರೆ ಅದು ಹೇಳಿದಂತಾಗುವುದಿಲ್ಲ ಎಂದೂ ಅನಿಸಿತು. ಇದೂ ಒಂದು ನೆಪವಿರಬಹುದು ಎಂಬ ಅನುಮಾನದಲ್ಲೇ ಬೇವಿನಕಟ್ಟಿ ಬಂತು.

ಬಾಬಾಸಾಬನ ಪಡಸಾಲೆಯಲ್ಲಿ ದುರಗಮ್ಮ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಒಣಗಿದ ಹುಣಸೆ ಕೊಂಬೆಯಂಥ ಕಾಲು, ಮೊಣಕಾಲ ಕೆಳಗೆ ಕಪ್ಪಾಗಿ ಬಾತಿತ್ತು. ಪಕ್ಕದಲ್ಲಿ ಅವಳ ಮಗ, ಇನ್ನಿಬ್ಬರು ಊರವರು. ಬಾಬಾಸಾಬ ಎದ್ದು ಬಂದು, ಕರಿಬಸಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿ, ಕೆಸರು ಕಾಲನ್ನೇ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆಟ್ಟಿನಿಂದ ಎಲುಬಿನುದ್ದಕ್ಕೂ ಒತ್ತಿದ. "ನೆಟ್ಟಗ ಕೂಡೈತಿ. ಒಂದು ಎಳಿಯಷ್ಟೂ ಕಸರಿಲ್ಲ. ಮತ್ತ ಕುಂಟಿಗೊಂತ ಯಾಕ ಬಂದ್ರಿ?" ಕಟ್ಟೆ ಕಾಣುತ್ತಲೇ ತಾನು ಕುಂಟತೊಡಗಿದ್ದು ಕರಿಬಸಪ್ಪನಿಗೆ ಗೊತ್ತಿತ್ತು. ಗಾಳೆಪ್ಪ ಅಂಗಳದಲ್ಲಿ, ಬೇವಿನ ಗಿಡದ ಬುಡದಲ್ಲಿ ನಿಂತಿದ್ದ.

"ಆತು, ಹೇಳ್ರಿ. ಹೆಂಗ ಮುರೀತು?"

ಕರಿಬಸಪ್ಪ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಗಾಳೆಪ್ಪ ಅಂದ: "ಎತ್ತು ಹಾಯ್ತುರಿ. ಹಗ್ಗ ಬಿಟ್ಟಿದ್ದೆ ನಾನು. ತಪ್ಪು ನಂದ ಐತಿ."

"ನಿನ್ನ ಕೇಳಿಲ್ಲಪಾ. ಕಾಲು ಯಾರದು?" ಎಂದ ಬಾಬಾಸಾಬ.

ಎಷ್ಟು ಸುಲಭವಾಗಿಬಿಟ್ಟಿತ್ತು! ಹೌದು ಎಂದು ತಲೆಯಾಡಿಸಿದರೆ ಸಾಕು. ಗಾಳೆಪ್ಪ ತಾನೇ ಒಪ್ಪಿಕೊಂಡಿದ್ದಾನೆ, ನಾಲ್ಕು ಜನ ಕೇಳಿದ್ದಾರೆ. ಹೋಗಲಿ ಬಿಡು, ನಾಳೆಯಿಂದ ಕೆಲಸಕ್ಕೆ ಬಾ ಎಂದು ದೊಡ್ಡಮನಸ್ಸಿನವನಾಗಿ ಮನೆಗೆ ಹೋಗಬಹುದು. ಗಾಳೆಪ್ಪನಿಗೂ ಅದೇ ಬೇಕಿರಬಹುದು. ಕರಿಬಸಪ್ಪನ ಕತ್ತು ಅರ್ಧ ಬಗ್ಗಿಯೂ ಬಗ್ಗಿತು. ಆಗ ದುರಗಮ್ಮ ನೋವಿಗೆ ಹಲ್ಲು ಕಚ್ಚಿ, "ಲಗೂನ ಹೇಳಪಾ ಯಪ್ಪಾ, ದಬ್ಬಿ ಬೇಕಾಗ್ಯಾವ ನನಗ" ಎಂದಳು.

"ಎತ್ತು ಹಾಯಲಿಲ್ಲ," ಎಂದ ಕರಿಬಸಪ್ಪ. "ಬಣವಿ ಮ್ಯಾಲಿಂದ ಬಿದ್ದೆ."

ಬಾಬಾಸಾಬನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಹಂಗ ಬಿದ್ದ ಎಲುಬು ಅದು. ನೀವು ಹೇಳಿದ್ದು ಕೇಳಿ ಕಟ್ಟಿದ್ರ ಕಾಲು ಸೊಟ್ಟ ಆಗತಿತ್ತು. ಬಣವಿ ಯಾಕ ಏರಿದ್ರಿ, ಈ ವಯಸ್ಸಿನ್ಯಾಗ?"

ಕೆಸರು ಕಾಲನ್ನು ಹಿಂದಕ್ಕೆಳೆದುಕೊಂಡು ಕರಿಬಸಪ್ಪ ಅದನ್ನೇ ನೋಡುತ್ತ ಕೂತ. ಬಿದ್ದದ್ದನ್ನು ಹೇಳುವುದು ಕಷ್ಟವೆಂದು ಇಷ್ಟು ದಿನ ತಿಳಿದಿದ್ದ. ಕಷ್ಟವಾದದ್ದು ಇದು. "ಇವ ಹಿಂಡಿ ಕದೀತಾನೇನು ಅಂತ," ಎಂದ. ದನಿ ಹೊರಡಲಿಲ್ಲವೆನಿಸಿ ಮತ್ತೆ ಹೇಳಿದ, "ಗಾಳೆಪ್ಪ ಕದೀತಾನೇನು ಅಂತ ನೋಡಾಕ ಏರಿದ್ದೆ. ಎಂಟು ದಿನ ಏರಿದ್ದೆ. ಇವ ತನ್ನ ರೊಟ್ಟಿ ಎತ್ತಿಗೆ ಕೊಡಾಕತ್ತಿದ್ದ. ಅದನ್ನ ಬಗ್ಗಿ ನೋಡಾಕ ಹೋಗಿ ಬಿದ್ದೆ."

ಬೇವಿನ ಗಿಡದಿಂದ ಹನಿ ಉದುರುತ್ತಿದ್ದವು. ಗಾಳೆಪ್ಪ ತಲೆಯ ವಸ್ತ್ರ ತೆಗೆದು, ಹಿಂಡಿ, ಮತ್ತೆ ಸುತ್ತಿಕೊಂಡ.

"ಗೊತ್ತಿತ್ರಿ," ಎಂದ. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. "ಮೊದಲನೇ ದಿನಾನ ಕಂಡಿದ್ರಿ. ನಿಮ್ಮ ರುಮಾಲು ಕಾಣತಿತ್ತು. ಏನು ಮಾಡಲಿ? ಕಳ್ಳ ಅಲ್ಲ ಅಂತ ಬಣವಿ ಮ್ಯಾಲೆ ಕುಂತಾವ್ರಿಗೆ ಹೆಂಗ ಹೇಳಲಿ? ಎತ್ತಿಗೆ ದಿನಾ ರೊಟ್ಟಿ ಕೊಡಾಂವಲ್ರಿ ನಾನು. ನಮಗ ಎಲ್ಲಿ ಹೆಚ್ಚಾಗತಾವ ರೊಟ್ಟಿ? ಅವತ್ತ ನಿಮಗ ಕಾಣಲಿ ಅಂತ ಕೊಟ್ಟೆ. ನೀವು ಬಿದ್ರಿ."

ನಲವತ್ತೈದು ದಿನ ಖಾಲಿ ಗೂಟದ ಮುಂದೆ ಮಲಗಿ ಕರಿಬಸಪ್ಪ ಮರುಗಿದ್ದು ಆ ರೊಟ್ಟಿಯನ್ನು ನೆನೆದೇ. ಎಂಥ ಒಳ್ಳೆಯವನ ಮೇಲೆ ಸಂಶಯಪಟ್ಟೆ ಎಂದು. ಆ ಒಳ್ಳೆಯತನವನ್ನೂ ತಾನೇ ಕಣ್ಣಿಟ್ಟು ಹಿಂಡಿ ತೆಗೆದಿದ್ದನೇ? "ನಾಳೆಯಿಂದ ಕೆಲಸಕ್ಕ ಬಾ," ಎಂದ. ಬೇಡಿಕೊಂಡಂತಿತ್ತು. "ಅಮರಪ್ಪಗ ನಾನು ಹೇಳ್ತೀನಿ. ಊರಾಗೂ ಹೇಳ್ತೀನಿ."

ಗಾಳೆಪ್ಪ ಸಡಕಿನ ಕಡೆ ನೋಡಿದ. ಬರುವಾಗ ಬೇರೆ ಏನನ್ನೋ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದನೇನೋ. "ಇಲ್ರಿ," ಎಂದ. "ಕಲ್ಲು ಒಡ್ಯಾಗ ಯಾರೂ ನೋಡಂಗಿಲ್ಲ ನಮ್ಮನ್ನ. ಸಂಜಿಗೆ ಗುಂಪಿ ಅಳೀತಾರ, ಮುಗೀತು." ಆಮೇಲೆ ನೆನಪಾದವನಂತೆ, "ಆ ಎತ್ತಿನ ಮನಿಗೊಂದು ಮಾತು ಹೇಳಿ ಬರ್ರಿ ಧಣೇರ. ಹಾಯೂ ಎತ್ತು ಅಂತ ಕೊಳ್ಳಿಗೆ ಕೊರಡು ಕಟ್ಯಾರಂತ. ಭಾಳ ಸಾಧು ಐತಿ ಅದು" ಎಂದು ಹೇಳಿ ಸಡಕಿನ ಕಡೆ ಹೊರಟ.

ಬಾಬಾಸಾಬ ದಬ್ಬೆಗಳನ್ನು ಇಸಿದುಕೊಂಡು, ಒಂದೊಂದನ್ನೇ ಧೋತರದ ತುಂಡಿನಿಂದ ಒರೆಸಿ ಬಿಸಿಲಿಗೆ ಇಟ್ಟ. ಹೌದು, ಬಿಸಿಲು ಮತ್ತೆ ಬಂದಿತ್ತು. "ನೀ ಕಾಲು ಹೆಂಗ ಮುರಕೊಂಡಿ, ಹೇಳಬೇ" ಎಂದು ದುರಗಮ್ಮನ ಕಡೆ ತಿರುಗಿದ. ಕರಿಬಸಪ್ಪನ ಕೆಲಸ ಅಲ್ಲಿಗೆ ಮುಗಿದಿತ್ತು.

ಬೇವಿನಕಟ್ಟಿಯ ಹೊರಗೆ ದಾರಿ ಎರಡಾಗುತ್ತದೆ. ಒಂದು ಸಡಕು, ಹಳ್ಳ ದಾಟಿ ಮನೆಗೆ. ಇನ್ನೊಂದು ಬಂಡಿದಾರಿ, ಯಲಬುರ್ಗಾದ ಕಡೆಗೆ, ಎತ್ತು ಇರುವ ಹಳ್ಳಿಗೆ. ಮತ್ತೊಂದು ಹರದಾರಿ. ಕರಿಬಸಪ್ಪ ಅಭ್ಯಾಸದಂತೆ ತಲೆಯೆತ್ತಿ ಮೋಡ ನೋಡಿದ. ಒಂದು ಕಡೆ ಬಿಸಿಲಿತ್ತು, ಒಂದು ಕಡೆ ಮಳೆಯಂತಿತ್ತು. ಕೆರಗಳನ್ನು ಕೈಯಲ್ಲಿ ಹಿಡಿದು ಬಂಡಿದಾರಿಯ ಕೆಸರಿಗೆ ಬಲಗಾಲು ಇಟ್ಟ, ಆಮೇಲೆ ಎಡಗಾಲು. ಕಾಲು ಕುಂಟಲಿಲ್ಲ. ಹಿಂದೆ ಹೂಂ ಎನ್ನುವವರು ಯಾರೂ ಇರಲಿಲ್ಲ.